‘ವೈರಸ್ ಕಂಡುಬಂದಿಲ್ಲ’ ಎಂದು ವರದಿ ಬಂದ ಮೇಲೂ ಮಾತ್ರೆ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಎಂಟು ತಿಂಗಳ ಹಿಂದೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಬಾಯೊಳಗೆ ಬಿಳಿ ಪದರ ಕಟ್ಟಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಐವಿ ಇರುವುದು ಗೊತ್ತಾಯಿತು. ಆಗ ಸಿಡಿ4 ಎಣಿಕೆ 310 ಇತ್ತು. ದಿನಕ್ಕೊಂದು ಮಾತ್ರೆ ಕೊಟ್ಟರು. ಆರು ತಿಂಗಳ ನಂತರದ ವೈರಲ್ ಲೋಡ್ ವರದಿಯಲ್ಲಿ ‘ವೈರಸ್ ಕಂಡುಬಂದಿಲ್ಲ’ ಎಂದಿದೆ. ಅದನ್ನು ನೋಡಿ ಅವನು ‘ನನಗೆ ಗುಣವಾಯಿತು’ ಎಂದು ಒಂಬತ್ತು ದಿನದಿಂದ ಮಾತ್ರೆ ಬಿಟ್ಟಿದ್ದಾನೆ. ಅಮ್ಮ ಆ ವರದಿಯನ್ನು ನಂಬುವುದೇ ಇಲ್ಲ. ಅವನ ತಟ್ಟೆ, ಲೋಟ, ಟವೆಲ್ ಬೇರೆ ಇಟ್ಟಿದ್ದಾರೆ. ನನ್ನ ನಾಲ್ಕು ವರ್ಷದ ಮಗಳನ್ನು ಅವನ ತೊಡೆಯ ಮೇಲೆ ಕೂರಲು ಬಿಡುವುದಿಲ್ಲ. ವೈರಸ್ ಹೋಗಿದೆಯೋ ಇಲ್ಲವೋ? ಹೋಗಿದ್ದರೆ ಮಾತ್ರೆ ಯಾಕೆ? ಹೋಗಿಲ್ಲದಿದ್ದರೆ ನಮಗೆ ತಗಲುವುದಿಲ್ಲವೇ? ಅವನು ಮೆಚ್ಚಿದ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಇನ್ನೂ ಏನೂ ಹೇಳಿಲ್ಲ. ಮದುವೆ, ಮಕ್ಕಳು ಇದೆಲ್ಲ ಅವನಿಗೆ ಸಾಧ್ಯವೇ?

ಉತ್ತರ: ಮಿಕ್ಕದ್ದನ್ನು ಓದುವ ಮೊದಲು ಒಂದು ಕೆಲಸ ಆಗಲಿ. ನಿಮ್ಮ ತಮ್ಮ ಇವತ್ತೇ ಮತ್ತೆ ಮಾತ್ರೆ ಶುರು ಮಾಡಲಿ. ಮೊದಲು ನುಂಗುತ್ತಿದ್ದ ಅದೇ ಮಾತ್ರೆ, ದಿನಕ್ಕೆ ಒಂದೇ. ಬಿಟ್ಟ ಒಂಬತ್ತು ದಿನದ ಲೆಕ್ಕ ತುಂಬಿಸಲು ಎರಡು ಮೂರು ಒಟ್ಟಿಗೆ ನುಂಗಬಾರದು. ಆಮೇಲೆ ಚಿಕಿತ್ಸೆ ಕೊಡುತ್ತಿರುವ ಕಡೆಗೆ ಹೋಗಿ, ನಡುವೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಲಿ. ಬೈಯುತ್ತಾರೆಂಬ ಹೆದರಿಕೆಗೆ ಅತ್ತ ತಲೆಹಾಕದೆ, ವಾರ ಬಿಟ್ಟವರು ವರ್ಷವೇ ಬಿಟ್ಟದ್ದನ್ನು ನಾನು ಬಹಳ ನೋಡಿದ್ದೇನೆ. ಮಾತ್ರೆ ಬಿಟ್ಟದ್ದಕ್ಕಿಂತ ಹೇಳದೇ ಉಳಿದದ್ದೇ ಅವರಿಗೆ ಹೆಚ್ಚು ಕೆಡುಕು ಮಾಡಿತು. ಒಂಬತ್ತು ದಿನ ಎಂದರೆ ಇನ್ನೂ ಕೈಮೀರಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಮನೆಯಲ್ಲಿ ಇಬ್ಬರು ಎರಡು ಮಾತು ಹಿಡಿದು ಕೂತಿದ್ದಾರೆ, ಇಬ್ಬರ ಮಾತಲ್ಲೂ ಅರ್ಧ ನಿಜವಿದೆ. ವೈರಸ್ ಹೋಗಿಲ್ಲ ಎಂದು ಅಮ್ಮ ಹೇಳುವುದು ಸರಿ. ಆದ್ದರಿಂದ ತಟ್ಟೆ ಬೇರೆ ಇಡಬೇಕು ಎಂಬುದು ತಪ್ಪು. ವರದಿ ಚೆನ್ನಾಗಿದೆ ಎಂದು ತಮ್ಮ ಹೇಳುವುದು ಸರಿ. ಆದ್ದರಿಂದ ಮಾತ್ರೆ ಸಾಕು ಎಂಬುದು ತಪ್ಪು. ‘ಕಂಡುಬಂದಿಲ್ಲ’ ಎಂಬ ಆ ಒಂದು ಪದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದು ತಿಳಿದರೆ ಎರಡೂ ತಾನಾಗಿ ಬಿಡಿಸಿಕೊಳ್ಳುತ್ತವೆ.

ವೈರಲ್ ಲೋಡ್ ಪರೀಕ್ಷೆ ಅಳೆಯುವುದು ರಕ್ತದಲ್ಲಿ ತೇಲುತ್ತಿರುವ ವೈರಸ್ಸುಗಳನ್ನು. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ಪ್ರತಿಗಳಿವೆ ಎಂದು ಯಂತ್ರ ಎಣಿಸುತ್ತದೆ. ಚಿಕಿತ್ಸೆ ಇಲ್ಲದವರಲ್ಲಿ ಅದು ಸಾವಿರಗಳಲ್ಲಿ, ಎಷ್ಟೋ ಸಲ ಲಕ್ಷಗಳಲ್ಲಿ ಇರುತ್ತದೆ. ಯಂತ್ರಕ್ಕೂ ಒಂದು ಮಿತಿ ಇದೆ. ಸಾಮಾನ್ಯವಾಗಿ 20 ಅಥವಾ 50 ಪ್ರತಿಗಳಿಗಿಂತ ಕಡಿಮೆ ಇದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ತಮ್ಮನ ವರದಿ ಹೇಳಿದ್ದು ಇಷ್ಟೇ: ಆ ದಿನ, ಆ ರಕ್ತದಲ್ಲಿ, ಯಂತ್ರದ ಕಣ್ಣಿಗೆ ಬೀಳುವಷ್ಟು ವೈರಸ್ ತೇಲುತ್ತಿರಲಿಲ್ಲ. ಇದು ನಿಜಕ್ಕೂ ಸಂತೋಷದ ಸುದ್ದಿ. ಆದರೆ ಎಚ್‌ಐವಿಯ ಮನೆ ರಕ್ತವಲ್ಲ, ಅದರ ಮನೆ ಜೀವಕೋಶದ ಒಳಗಿದೆ.

ಈ ವೈರಸ್ ಮೊದಲು ಮೇಲೆ ಬೀಳುವುದು ಸಿಡಿ4 ಎಂಬ ಗುರುತಿರುವ ಬಿಳಿ ರಕ್ತಕಣಗಳ ಮೇಲೆ. ರೋಗನಿರೋಧಕ ವ್ಯವಸ್ಥೆಯಲ್ಲಿ ಇವು ಮೇಸ್ತ್ರಿಗಳಿದ್ದಂತೆ. ಯಾವ ರೋಗಾಣು ಬಂದಿದೆ, ಯಾರು ಹೋಗಿ ಎದುರಿಸಬೇಕು ಎಂದು ಉಳಿದ ಕಣಗಳಿಗೆ ಹೇಳುವುದು ಇವೇ. ವೈರಸ್ ಮೇಸ್ತ್ರಿಯನ್ನೇ ಹಿಡಿದುಬಿಡುತ್ತದೆ. ಒಳಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆದುಕೊಳ್ಳುತ್ತದೆ, ಆ ಡಿಎನ್‌ಎಯನ್ನು ಕಣದ ಸ್ವಂತ ಡಿಎನ್‌ಎ ನಡುವೆ ಹೊಲಿದುಬಿಡುತ್ತದೆ. ಅಲ್ಲಿಂದ ಮುಂದೆ ವೈರಸ್ ಹೊರಗಿನದಾಗಿ ಉಳಿಯುವುದಿಲ್ಲ, ಆ ಕಣದ ವಂಶಲಿಪಿಯ ಒಂದು ಸಾಲಾಗುತ್ತದೆ. ಕಣ ಚುರುಕಾದಾಗ ಆ ಸಾಲನ್ನೂ ಓದಿಕೊಳ್ಳುತ್ತದೆ, ಹೊಸ ವೈರಸ್ಸುಗಳು ತಯಾರಾಗಿ ಹೊರಬೀಳುತ್ತವೆ. ಚಿಕಿತ್ಸೆ ಇಲ್ಲದ ದೇಹದಲ್ಲಿ ಹೀಗೆ ದಿನವೊಂದಕ್ಕೆ ನೂರಾರು ಕೋಟಿ ಹೊಸ ವೈರಸ್ಸುಗಳು ಹುಟ್ಟುತ್ತವೆ.

ನಿಮ್ಮ ತಮ್ಮ ನುಂಗುವ ಒಂದು ಮಾತ್ರೆಯಲ್ಲಿ ಬಹುಶಃ ಮೂರು ಔಷಧಿಗಳಿವೆ. ಇವತ್ತು ಬಹಳ ಕಡೆ ಮೊದಲ ಆಯ್ಕೆಯಾಗಿರುವುದು ಟೆನೊಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ. ಮೊದಲೆರಡು, ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆಯುವ ಹಂತದಲ್ಲಿ ಅಡ್ಡ ನಿಲ್ಲುತ್ತವೆ. ಮೂರನೆಯದು ಆ ಹೊಲಿಗೆ ಬೀಳದಂತೆ ತಡೆಯುತ್ತದೆ. ಹೊಸ ಕಣಗಳು ಸೋಂಕಿಗೆ ಸಿಗುವುದು ನಿಲ್ಲುತ್ತದೆ, ಈಗಾಗಲೇ ವೈರಸ್ ತಯಾರಿಸುತ್ತಿರುವ ಕಣಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ, ರಕ್ತದಲ್ಲಿ ವೈರಸ್ ಇಳಿಯುತ್ತ ಬಂದು ಯಂತ್ರದ ಮಿತಿಗಿಂತ ಕೆಳಗೆ ಹೋಗುತ್ತದೆ.

ಆದರೆ ಸೋಂಕು ತಗಲಿದ ಕಣಗಳೆಲ್ಲ ವೈರಸ್ ತಯಾರಿಸುತ್ತಿರುವುದಿಲ್ಲ. ಒಂದಷ್ಟು ಕಣಗಳು ಹೊಲಿದ ಡಿಎನ್‌ಎಯನ್ನು ಒಳಗಿಟ್ಟುಕೊಂಡೇ ನಿದ್ರೆಗೆ ಜಾರುತ್ತವೆ. ಇವು ಹಳೆಯ ರೋಗಗಳ ನೆನಪನ್ನು ಕಾಪಾಡುವ ಕಣಗಳು. ವರ್ಷಗಟ್ಟಲೆ ಸುಮ್ಮನಿರುವುದೇ ಇವುಗಳ ಸ್ವಭಾವ. ನಿದ್ರಿಸುವ ಕಣದಲ್ಲಿ ವೈರಸ್ ಏನನ್ನೂ ಬರೆಯುತ್ತಿಲ್ಲ, ಹೊಲಿಯುತ್ತಿಲ್ಲ. ಆದ್ದರಿಂದ ಮಾತ್ರೆಗೆ ಅಲ್ಲಿ ತಡೆಯುವ ಕೆಲಸವೇ ಇಲ್ಲ. ರೋಗನಿರೋಧಕ ವ್ಯವಸ್ಥೆಗೂ ಆ ಕಣ ಎಲ್ಲ ಕಣಗಳಂತೆಯೇ ಕಾಣುತ್ತದೆ. ಸುಮಾರು ಹತ್ತು ಲಕ್ಷ ನಿದ್ರಿಸುವ ಸಿಡಿ4 ಕಣಗಳಲ್ಲಿ ಒಂದರಷ್ಟು ಮಾತ್ರ ಹೀಗೆ ಮತ್ತೆ ಏಳಬಲ್ಲ ವೈರಸ್ಸನ್ನು ಹೊತ್ತಿರುತ್ತದೆ. ಅಷ್ಟು ಸಾಕು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಮಾತ್ರೆ ಉರಿಯನ್ನು ಆರಿಸಿದೆ, ಕೆಂಡ ಒಳಗಿದೆ. ದುಗ್ಧಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ ಇದೆ. ತೋಳಿನಿಂದ ತೆಗೆದ ರಕ್ತದಲ್ಲಿ ಅದನ್ನು ಆ ಪರೀಕ್ಷೆ ಹುಡುಕುವುದೇ ಇಲ್ಲ.

ನಿಮ್ಮ ತಮ್ಮ ಹೀಗೆ ಯೋಚಿಸಿದ್ದಕ್ಕೆ ಅವನನ್ನು ಪೆದ್ದನೆಂದು ಹೀಯಾಳಿಸಬೇಡಿ. ದೊಡ್ಡ ದೊಡ್ಡ ವಿಜ್ಞಾನಿಗಳೂ ಒಮ್ಮೆ ಹೀಗೇ ಆಸೆಪಟ್ಟಿದ್ದರು. 1987ರಲ್ಲಿ ಮೊದಲ ಔಷಧಿ ಎಝಡ್‌ಟಿ ಬಂದಾಗ ಅದು ಒಂಟಿಯಾಗಿ ಹೆಚ್ಚು ಕಾಲ ತಡೆಯಲಿಲ್ಲ. ತಿಂಗಳುಗಳಲ್ಲೇ ವೈರಸ್ ರೂಪ ಬದಲಿಸಿ ಔಷಧಿಗೆ ಜಗ್ಗದಂತಾಗುತ್ತಿತ್ತು. 1996ರ ಹೊತ್ತಿಗೆ ಮೂರು ಔಷಧಿ ಕೂಡಿಸಿ ಕೊಡುವುದು ಶುರುವಾಯಿತು. ಸಾವಿನ ದವಡೆಯಲ್ಲಿದ್ದವರು ಎದ್ದು ಓಡಾಡಿದರು. ರಕ್ತದಲ್ಲಿ ವೈರಸ್ ಕಾಣದಾದಾಗ, ಇನ್ನು ಎರಡು ಮೂರು ವರ್ಷ ಹೀಗೇ ನಡೆಸಿದರೆ ವೈರಸ್ ಪೂರ್ತಿ ಅಳಿದೀತು ಎಂಬ ಲೆಕ್ಕವೂ ಹುಟ್ಟಿತು. ಮರುವರ್ಷವೇ, 1997ರಲ್ಲಿ, ಚಿಕಿತ್ಸೆಯಲ್ಲಿರುವವರ ದೇಹದಲ್ಲೂ ನಿದ್ರಿಸುವ ಸೋಂಕಿತ ಕಣಗಳು ಉಳಿದಿವೆ ಎಂದು ಬೇರೆ ಬೇರೆ ತಂಡಗಳು ತೋರಿಸಿದವು. ಆಮೇಲೆ ಅವು ಎಷ್ಟು ನಿಧಾನ ಕರಗುತ್ತವೆ ಎಂದು ಅಳೆದರು. ಅರ್ಧದಷ್ಟಾಗಲು ಸುಮಾರು 44 ತಿಂಗಳು ಬೇಕು. ಆ ವೇಗದಲ್ಲಿ ಪೂರ್ತಿ ಖಾಲಿಯಾಗಲು 70 ವರ್ಷ ದಾಟುತ್ತದೆ. ಜೀವನವಿಡೀ ಮಾತ್ರೆ ಎಂದು ನಾವು ಹೇಳುವುದರ ಹಿಂದೆ ಇರುವುದು ಈ ಲೆಕ್ಕ.

ಅಮೆರಿಕದ ಮಿಸಿಸಿಪ್ಪಿಯಲ್ಲಿ 2010ರಲ್ಲಿ ಹುಟ್ಟಿದ ಒಂದು ಮಗುವಿನ ಕಥೆ ಎಚ್‌ಐವಿ ವೈದ್ಯರೆಲ್ಲರಿಗೂ ಗೊತ್ತು. ತಾಯಿಯಿಂದ ಸೋಂಕು ಬಂದಿತ್ತು, ಹುಟ್ಟಿದ 30 ಗಂಟೆಗಳಲ್ಲಿ ಔಷಧಿ ಶುರುವಾಯಿತು. ಸುಮಾರು ಒಂದೂವರೆ ವರ್ಷದ ಮೇಲೆ ಔಷಧಿ ನಿಂತುಹೋಯಿತು. ಆಶ್ಚರ್ಯವೆಂದರೆ ವೈರಸ್ ಕಾಣಲೇ ಇಲ್ಲ. ಔಷಧಿ ಇಲ್ಲದೆ 27 ತಿಂಗಳು ಕಳೆಯಿತು. ಜಗತ್ತೇ ಆ ಮಗು ಗುಣವಾಯಿತೆಂದು ನಂಬಿತ್ತು. 2014ರಲ್ಲಿ ವೈರಸ್ ಮರಳಿತು. ಆ ಸುದ್ದಿ ಬಂದ ದಿನ ನನಗಾದ ಸಂಕಟ ಇನ್ನೂ ನೆನಪಿದೆ.

ಗುಣವಾದವರೇ ಇಲ್ಲವೇ ಎಂದು ಅವನು ಕೇಳಬಹುದು. ಇದ್ದಾರೆ, ಬೆರಳೆಣಿಕೆಯಷ್ಟು. ಮೊದಲನೆಯವರು ಟಿಮೊತಿ ರೇ ಬ್ರೌನ್. ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಅದಕ್ಕಾಗಿ 2007ರಲ್ಲಿ ಬರ್ಲಿನ್ನಿನಲ್ಲಿ ಮೂಳೆಮಜ್ಜೆಯ ಆಕರಕೋಶಗಳ ಕಸಿ ಮಾಡುವಾಗ, ವೈರಸ್ ಒಳಬರಲು ಬಳಸುವ ಸಿಸಿಆರ್5 ಎಂಬ ಬಾಗಿಲೇ ಇಲ್ಲದ ದಾನಿಯನ್ನು ವೈದ್ಯರು ಹುಡುಕಿದರು. ಎಚ್‌ಐವಿ ಹೋಯಿತು. ಆದರೆ ಆ ಕಸಿಯಿಂದಲೇ ಜೀವ ಹೋಗುವ ಅಪಾಯವಿದೆ. ಕ್ಯಾನ್ಸರ್ ಇಲ್ಲದ, ದಿನಕ್ಕೊಂದು ಮಾತ್ರೆಯಲ್ಲಿ ಆರೋಗ್ಯವಾಗಿರಬಲ್ಲ ಮನುಷ್ಯನಿಗೆ ಅದನ್ನು ಮಾಡಲು ಯಾವ ವೈದ್ಯರೂ ಒಪ್ಪುವುದಿಲ್ಲ. ‘ಮೂರು ತಿಂಗಳಲ್ಲಿ ಬುಡಸಮೇತ ಗುಣ’ ಎಂದು ಪುಡಿ, ಕಷಾಯ ಮಾರುವವರ ಮಾತಿಗೆ ಕಿವಿಗೊಡಬೇಡಿ. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಅದುಮಿಡುವ ಈ ಮಾತ್ರೆಗಳನ್ನು ನುಂಗುತ್ತಿರುವವರಿಗೆ ಅಂಥದ್ದನ್ನು ಕೊಟ್ಟು, ‘ನೋಡಿ, ವೈರಸ್ ಕಾಣುತ್ತಿಲ್ಲ’ ಎಂದು ಅದೇ ವೈರಲ್ ಲೋಡ್ ವರದಿ ತೋರಿಸುವವರಿದ್ದಾರೆ. ಕೆಲಸ ಮಾಡಿದ್ದು ಮಾತ್ರೆ, ಹೆಸರು ಮಾತ್ರ ಕಷಾಯದ್ದು.

ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಏಳುತ್ತದೆ. ಆಗ ಮೈಗೆ ಏನೂ ಗೊತ್ತಾಗದೇ ಇರಬಹುದು, ಅದೇ ಮೋಸ. ಚಿಕಿತ್ಸೆಯೇ ಇಲ್ಲದವರಲ್ಲೂ ಸೋಂಕಿನಿಂದ ಏಡ್ಸ್ ಹಂತಕ್ಕೆ ಬರಲು ಸುಮಾರು ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಮನುಷ್ಯ ಗಟ್ಟಿಯಾಗಿ ಓಡಾಡಿಕೊಂಡೇ ಇರುತ್ತಾನೆ. ಎಚ್‌ಐವಿ ಎಂದರೆ ಏಡ್ಸ್ ಎಂದುಕೊಂಡವರು ಇದನ್ನು ಗಮನಿಸಬೇಕು. ವೈರಸ್ಸಿನ ಹೆಸರು ಎಚ್‌ಐವಿ. ಅದು ಸಿಡಿ4 ಕಣಗಳನ್ನು ಕೊಂದು ಕೊಂದು, ಎಣಿಕೆ 200ಕ್ಕಿಂತ ಕೆಳಗಿಳಿದಾಗ, ಅಥವಾ ಕೆಲವು ನಿರ್ದಿಷ್ಟ ರೋಗಗಳು ಕಾಣಿಸಿಕೊಂಡಾಗ ಅದನ್ನು ಏಡ್ಸ್ ಎನ್ನುತ್ತೇವೆ. ಆರೋಗ್ಯವಂತರಲ್ಲಿ ಈ ಎಣಿಕೆ 500ರ ಮೇಲಿರುತ್ತದೆ. ನಿಮ್ಮ ತಮ್ಮನದು 310 ಇತ್ತು. ಮೇಸ್ತ್ರಿಗಳು ಬಹಳ ಜನ ಸತ್ತಿದ್ದರು, ಬಾಯಲ್ಲಿ ಶಿಲೀಂಧ್ರ ಬೆಳೆದದ್ದು ಅದಕ್ಕೇ. ಆದರೂ ಸಮಯಕ್ಕೆ ಸಿಕ್ಕಿಬಿದ್ದ.

ಎಣಿಕೆ ಚೆನ್ನಾಗಿದ್ದಾಗ ಮಾತ್ರೆ ನಿಲ್ಲಿಸಿ, ಇಳಿದಾಗ ಮತ್ತೆ ಶುರು ಮಾಡಿದರೆ ಹೇಗೆ? ಇದನ್ನೂ ಮಾಡಿ ನೋಡಿದ್ದಾರೆ. ಸ್ಮಾರ್ಟ್ ಎಂಬ ಅಧ್ಯಯನದಲ್ಲಿ 5,400ಕ್ಕೂ ಹೆಚ್ಚು ಜನ ಇದ್ದರು. ಬಿಟ್ಟು ಬಿಟ್ಟು ನುಂಗಿದವರಲ್ಲಿ ಗಂಭೀರ ಸೋಂಕು ಅಥವಾ ಸಾವು ಎರಡು ಪಟ್ಟಿಗೂ ಹೆಚ್ಚಾಯಿತು. ಅವಧಿ ಮುಗಿಯುವ ಮೊದಲೇ ಅದನ್ನು ನಿಲ್ಲಿಸಬೇಕಾಯಿತು. ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಅಲ್ಲಿ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚಿದ್ದವು. ವೈರಸ್ ಎದ್ದಾಗಲೆಲ್ಲ ದೇಹ ಒಳಗೊಳಗೇ ಉರಿಯುತ್ತಿರುತ್ತದೆ, ಆ ಉರಿ ಎಲ್ಲ ಅಂಗಗಳಿಗೂ ತಾಗುತ್ತದೆ. ಇನ್ನೊಂದು ಅಪಾಯ ಔಷಧಿಗೆ ಜಗ್ಗದ ವೈರಸ್ ಹುಟ್ಟುವುದು. ಎಚ್‌ಐವಿ ತನ್ನನ್ನು ನಕಲು ಮಾಡುವಾಗ ಬಹಳ ತಪ್ಪು ಮಾಡುತ್ತದೆ. ನಕಲೇ ಆಗದಿದ್ದರೆ ತಪ್ಪೂ ಇಲ್ಲ. ಔಷಧಿ ಅರೆಬರೆ ಇದ್ದಾಗ ಮಾತ್ರ ನಕಲೂ ನಡೆಯುತ್ತದೆ, ಔಷಧಿಯನ್ನು ತಪ್ಪಿಸಿಕೊಳ್ಳುವ ನಕಲೇ ಗೆಲ್ಲುತ್ತದೆ. ಡೊಲುಟೆಗ್ರಾವಿರ್ ಈ ವಿಷಯದಲ್ಲಿ ಬಹಳ ಗಟ್ಟಿ ಔಷಧಿ, ಅದಕ್ಕೇ ನಾನು ಮೊದಲು ‘ಕೈಮೀರಿಲ್ಲ’ ಎಂದದ್ದು. ಗಟ್ಟಿ ಎಂದು ಮತ್ತೆ ಮತ್ತೆ ಪರೀಕ್ಷಿಸಲು ಹೋಗುವುದು ಬೇಡ.

ಇನ್ನೊಂದನ್ನು ತಪ್ಪದೆ ಕೇಳಿಕೊಳ್ಳಿ: ಅವನಿಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ? ಅದೇ ಮಾತ್ರೆಯಲ್ಲಿರುವ ಟೆನೊಫೋವಿರ್, ಲಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಆ ಸೋಂಕೂ ಇರುವವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಯಕೃತ್ತು ಅಪಾಯಕ್ಕೆ ಸಿಲುಕಬಹುದು. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣವಾಗುವುದು, ವಿಪರೀತ ಸುಸ್ತು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅವರ ಮನಸ್ಸಿನಲ್ಲಿರುವುದು ದ್ವೇಷವಲ್ಲ, ಮೊಮ್ಮಗಳ ಮೇಲಿನ ಭಯ. ಭಯಕ್ಕೆ ಗದರಿಕೆ ಮದ್ದಲ್ಲ, ವಿವರ ಮದ್ದು. ಎಚ್‌ಐವಿ ಒಬ್ಬರಿಂದ ಒಬ್ಬರಿಗೆ ಹೋಗುವ ದಾರಿಗಳು ಕೆಲವೇ: ರಕ್ತ, ವೀರ್ಯ ಮತ್ತು ಅದಕ್ಕೆ ಮುಂಚೆ ಬರುವ ದ್ರವ, ಯೋನಿಯ ಮತ್ತು ಗುದದ್ವಾರದ ಸ್ರಾವ, ಎದೆಹಾಲು. ಇವುಗಳಲ್ಲಿ ಒಂದು ಇನ್ನೊಬ್ಬರ ರಕ್ತಕ್ಕೋ, ಯೋನಿ, ಗುದದ್ವಾರ, ಶಿಶ್ನದ ತುದಿಯಂಥ ತೆಳು ಒಳಚರ್ಮಕ್ಕೋ ತಾಗಬೇಕು. ಆದ್ದರಿಂದಲೇ ಸೋಂಕು ಬರುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಹಂಚಿಕೊಂಡ ಸೂಜಿ ಸಿರಿಂಜಿನಿಂದ, ಪರೀಕ್ಷಿಸದ ರಕ್ತ ಏರಿಸಿದಾಗ, ಮತ್ತು ಚಿಕಿತ್ಸೆಯಲ್ಲಿಲ್ಲದ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ, ಹಾಲೂಡುವಾಗ. ಎಂಜಲಿನಲ್ಲಿ, ಬೆವರಿನಲ್ಲಿ, ಕಣ್ಣೀರಿನಲ್ಲಿ ಸೋಂಕು ಹಬ್ಬಿಸುವಷ್ಟು ವೈರಸ್ ಇರುವುದಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಅದು ಬೆಳೆಯುವುದಿಲ್ಲ, ಜೀರ್ಣವಾಗಿ ಹೋಗುತ್ತದೆ.

ತಟ್ಟೆ, ಲೋಟ, ಟವೆಲ್, ಶೌಚಾಲಯ, ಹಾಸಿಗೆ, ಅಪ್ಪುಗೆ, ಕೆನ್ನೆಗೆ ಮುತ್ತು ಯಾವುದರಿಂದಲೂ ಬರುವುದಿಲ್ಲ. ಮಾತ್ರೆ ನುಂಗುತ್ತಿದ್ದರೂ ಇಲ್ಲ, ನುಂಗದಿದ್ದರೂ ಇಲ್ಲ. ಅಮ್ಮ ತಮ್ಮನ ವರದಿಯನ್ನು ನಂಬಲೇಬೇಕೆಂದೇನೂ ಇಲ್ಲ, ತಟ್ಟೆಗೂ ವರದಿಗೂ ಸಂಬಂಧವೇ ಇಲ್ಲ. ಅವನ ಜೊತೆ ಒಂದೇ ಮನೆಯಲ್ಲಿದ್ದೀರಿ ಎಂಬ ಕಾರಣಕ್ಕೆ ನೀವಾಗಲಿ ಮಗಳಾಗಲಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ. ರೇಜರ್, ಹಲ್ಲುಜ್ಜುವ ಬ್ರಶ್ ಮಾತ್ರ ಬೇರೆ ಇರಲಿ. ಅದು ಯಾರ ಮನೆಯಲ್ಲೂ ಬೇರೆ ಇರಬೇಕಾದ್ದೇ. ಅವನಿಗೆ ಗಾಯವಾಗಿ ರಕ್ತ ಬಂದರೆ ಕೈಗವಸು ಹಾಕಿಕೊಂಡು ಒರೆಸಿ, ಸೋಪು ಹಾಕಿ ತೊಳೆದರೆ ಮುಗಿಯಿತು.

ನಿಜ ಹೇಳಬೇಕೆಂದರೆ, ಸಿಡಿ4 ಇನ್ನೂ ಚೇತರಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ ಮನೆಯವರಿಂದ ಅವನಿಗೆ ಕೆಮ್ಮು, ಜ್ವರ ತಗಲೀತೆಂಬ ಎಚ್ಚರವೇ ಹೆಚ್ಚು ಬೇಕು. ಅದರಲ್ಲೂ ಕ್ಷಯ. ಎಚ್‌ಐವಿ ಇರುವವರ ಸಾವಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ಇಂದಿಗೂ ಕ್ಷಯವೇ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಪರೀಕ್ಷಿಸಿಕೊಳ್ಳಲಿ. ಅವನಿಗಂತೂ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಯಾವುದೇ ಕಂಡರೂ ತಡಮಾಡಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಮಟ್ಟವನ್ನು ಇಳಿಸುತ್ತದೆ, ಆಗ ಅದನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ.

ಆ ಹುಡುಗಿಯ ವಿಷಯ. ಇಲ್ಲಿ ವರದಿಗೆ ನಿಜವಾದ ತೂಕವಿದೆ. ‘ಪತ್ತೆಯಾಗದಿದ್ದರೆ ಹರಡದು’ ಎಂಬುದು ಧೈರ್ಯ ತುಂಬಲು ಹೇಳುವ ಮಾತಲ್ಲ, ಲೆಕ್ಕ ಹಾಕಿ ಕಂಡುಕೊಂಡದ್ದು. ಜೋಡಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಅಭ್ಯಾಸ ಮಾಡಿದಾಗ, ಬೇಗ ಚಿಕಿತ್ಸೆ ಶುರು ಮಾಡಿದವರಿಂದ ಸಂಗಾತಿಗೆ ಹರಡುವುದು ಶೇಕಡಾ 96ರಷ್ಟು ತಗ್ಗಿತ್ತು. ಅದು 2011. ಮುಂದೆ ಯುರೋಪಿನಲ್ಲಿ ಪಾರ್ಟ್‌ನರ್ ಎಂಬ ಅಧ್ಯಯನ ಇನ್ನೂ ನೇರವಾಗಿ ಕೇಳಿತು: ವೈರಲ್ ಲೋಡ್ 200ಕ್ಕಿಂತ ಕೆಳಗಿರುವಾಗ, ಕಾಂಡೋಮ್ ಇಲ್ಲದ ಸಂಪರ್ಕದಲ್ಲಿ ಎಷ್ಟು ಜನರಿಗೆ ಹರಡುತ್ತದೆ? 2016ರಲ್ಲಿ ಪ್ರಕಟವಾದ ಮೊದಲ ಹಂತದಲ್ಲಿ 888 ಜೋಡಿಗಳು, ಸುಮಾರು 58,000 ಸಲದ ಸಂಪರ್ಕ. 2019ರ ಎರಡನೆಯ ಹಂತದಲ್ಲಿ ಸುಮಾರು 780 ಸಲಿಂಗಿ ಪುರುಷ ಜೋಡಿಗಳು, ಸುಮಾರು 76,000 ಸಲ. ಸಂಗಾತಿಯಿಂದ ಸಂಗಾತಿಗೆ ಹೋದದ್ದು ಎರಡೂ ಕಡೆ ಸೊನ್ನೆ. ಎರಡನೆಯ ಹಂತದಲ್ಲಿ 15 ಜನರಿಗೆ ಹೊಸ ಸೋಂಕು ಬಂದಿತ್ತು ನಿಜ, ಆದರೆ ವೈರಸ್ಸಿನ ವಂಶಲಿಪಿ ಹೋಲಿಸಿ ನೋಡಿದಾಗ ಒಂದೂ ಆ ಸಂಗಾತಿಯ ವೈರಸ್ ಆಗಿರಲಿಲ್ಲ. ಎಲ್ಲ ಹೊರಗಿನಿಂದ ಬಂದದ್ದು. ನಾನು ವೈದ್ಯನಾಗಿ ಓದಿದ ಅಧ್ಯಯನಗಳಲ್ಲಿ ಇಷ್ಟು ಮನೆಗಳನ್ನು ಉಳಿಸಿದ ಸೊನ್ನೆ ಇನ್ನೊಂದಿಲ್ಲ.

ಆ ಸೊನ್ನೆಗೆ ಷರತ್ತು ಇದೆ. ದಿನವೂ ಮಾತ್ರೆ ನುಂಗಿ, ವೈರಲ್ ಲೋಡ್ ಅದುಮಿದ ಸ್ಥಿತಿಯಲ್ಲೇ ಉಳಿದಿರಬೇಕು. ಚಿಕಿತ್ಸೆ ಶುರುವಾಗಿ ಆರು ತಿಂಗಳಾದರೂ ಕಳೆದಿರಬೇಕು. ನಿಮ್ಮ ತಮ್ಮ ಈಗ ಆ ಭರವಸೆಯ ಹೊರಗೆ ಬಂದಿದ್ದಾನೆ. ಮತ್ತೆ ಮಾತ್ರೆ ಹಿಡಿದು, ಹೊಸ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದೆಂದು ಖಚಿತವಾಗುವವರೆಗೆ ಕಾಂಡೋಮ್ ಬೇಕೇ ಬೇಕು. ಇಷ್ಟಾದ ಮೇಲೂ ಈ ಸೊನ್ನೆ ಲೈಂಗಿಕ ಸಂಪರ್ಕಕ್ಕೆ ಮಾತ್ರ ಹೇಳಿದ್ದು. ಸೂಜಿ ಹಂಚಿಕೊಳ್ಳುವುದಕ್ಕೆ ಆ ಭರವಸೆ ಇಲ್ಲ. ಸಿಫಿಲಿಸ್, ಗೊನೊರಿಯಾ ಮೊದಲಾದವನ್ನು ಎಆರ್‌ಟಿ ತಡೆಯುವುದಿಲ್ಲ, ಅಲ್ಲಿ ಕಾಂಡೋಮೇ ಕಾವಲು.

ಈ ಒಂಬತ್ತು ದಿನಗಳಲ್ಲಿ ಅವರಿಬ್ಬರ ನಡುವೆ ಕಾಂಡೋಮ್ ಇಲ್ಲದ ಸಂಪರ್ಕ ಆಗಿದೆಯೇ? ಅಕ್ಕನಾಗಿ ಕೇಳುವುದು ನಿಮಗೆ ಕಷ್ಟ, ಗೊತ್ತು. ಈ ಸಾಲನ್ನು ಅವನಿಗೇ ತೋರಿಸಿ. ಆಗಿದ್ದರೆ, ಕೊನೆಯ ಸಂಪರ್ಕದಿಂದ 72 ಗಂಟೆಯೊಳಗೆ ಅವಳು ವೈದ್ಯರನ್ನು ಕಂಡರೆ ಸೋಂಕು ಬೇರೂರದಂತೆ ತಡೆಯುವ ಪಿಇಪಿ ಔಷಧಿ ಶುರು ಮಾಡಬಹುದು. ಅದನ್ನು 28 ದಿನ ನುಂಗಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. 72 ಗಂಟೆ ಕೊನೆಯ ಗಡಿ, ಕಾಯಲು ಕೊಟ್ಟ ಗಡುವಲ್ಲ. ಇನ್ನೂ ಹಿಂದೆ, ರೋಗ ಗೊತ್ತಾಗುವ ಮೊದಲು ಸಂಪರ್ಕ ಆಗಿದ್ದರೆ ಅವಳೂ, ಅವನ ಹಿಂದಿನ ಸಂಗಾತಿಗಳಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು ತಗಲಿದ ಮರುದಿನವೇ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಪ್ರತಿಜನಕ (ವೈರಸ್ಸಿನ ತುಣುಕು) ಮತ್ತು ಪ್ರತಿಕಾಯ (ಅದರ ವಿರುದ್ಧ ದೇಹ ತಯಾರಿಸುವ ವಸ್ತು) ಎರಡನ್ನೂ ನೋಡುವ ಪ್ರಯೋಗಾಲಯದ ಪರೀಕ್ಷೆ 45 ದಿನದ ಮೇಲೆ ‘ಇಲ್ಲ’ ಎಂದರೆ ನಂಬಬಹುದು. ಬೆರಳು ಚುಚ್ಚಿ ಮಾಡುವ ತ್ವರಿತ ಪರೀಕ್ಷೆಗಾದರೆ 90 ದಿನ.

ಅವಳಿಗೆ ಹೇಳಲೇಬೇಕೇ? ಮದುವೆಯ ಮಾತು ಮುಂದುವರಿಯುವುದಾದರೆ ಹೇಳಲೇಬೇಕು, ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಅವಳ ದೇಹದ ತೀರ್ಮಾನ ಅವಳದು. ಅವನಿಗೂ ಅದರಿಂದ ಒಳಿತಿದೆ: ಮುಚ್ಚಿಟ್ಟು ಬಾಳುವವರು ಮಾತ್ರೆ ಡಬ್ಬಿಯನ್ನೂ ಮುಚ್ಚಿಡಬೇಕಾಗುತ್ತದೆ, ಕದ್ದು ನುಂಗುವ ಮಾತ್ರೆ ತಪ್ಪುತ್ತಲೇ ಇರುತ್ತದೆ. ಯಾರಿಗೆ ಹೇಳಬೇಕೆಂದು ಪಟ್ಟಿ ಹಾಕಬೇಕಾಗಿಲ್ಲ. ನೆಂಟರಿಗೆ, ಕೆಲಸದ ಕಡೆ ಹೇಳಬೇಕಾಗಿಲ್ಲ. ಅವಳಿಗೆ ಹೇಳುವಾಗ ಒಬ್ಬನೇ ಒದ್ದಾಡಬೇಕಾಗಿಯೂ ಇಲ್ಲ. ಇಬ್ಬರನ್ನೂ ಕೂರಿಸಿಕೊಂಡು ಮಾತಾಡುವುದು ಆಪ್ತಸಮಾಲೋಚಕರಿಗೆ ರೂಢಿಯ ಕೆಲಸ. ಅವಳು ಒಪ್ಪಿದರೆ, ಅವನ ವೈರಲ್ ಲೋಡ್ ಮತ್ತೆ ಇಳಿಯುವವರೆಗೆ ಅವಳ ರಕ್ಷಣೆಗೆ ಪ್ರೆಪ್ ಇದೆ, ಅಂದರೆ ಸೋಂಕಿಲ್ಲದವರು ಅದು ತಗಲದಂತೆ ಮುಂಚೆಯೇ ತೆಗೆದುಕೊಳ್ಳುವ ಔಷಧಿ. ಟೆನೊಫೋವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಕೂಡಿದ ಮಾತ್ರೆ ಇದಕ್ಕೆ ಮೊದಲು ಒಪ್ಪಿಗೆ ಪಡೆದದ್ದು 2012ರಲ್ಲಿ, ಅಮೆರಿಕದಲ್ಲಿ. ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದು ಆಮೇಲೆ ಬಂತು. ಈಗ ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಾಪಾವಿರ್ ಬಂದಿದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ ಎಂದು 2024ರಲ್ಲಿ ಗೊತ್ತಾದಾಗ, ಲಸಿಕೆಗಾಗಿ ದಶಕಗಳಿಂದ ಕಾದು ಸೋತಿದ್ದ ನಮ್ಮಂಥವರಿಗೆ ಆದ ಸಂತೋಷ ಹೇಳಿ ತೀರದು. ಲಸಿಕೆ ಇನ್ನೂ ಇಲ್ಲ.

ಮಕ್ಕಳು ಆಗಬಹುದು, ಎಲ್ಲರಿಗೂ ಆಗುವಂತೆ. ಎಚ್‌ಐವಿ ಅಪ್ಪನಿಂದ ಮಗುವಿಗೆ ನೇರವಾಗಿ ಹೋಗುವುದಿಲ್ಲ. ತಾಯಿಗೆ ಬಂದರೆ ಮಾತ್ರ ಮಗುವಿಗೆ ಬರುತ್ತದೆ. ಅವನ ವೈರಲ್ ಲೋಡ್ ಅದುಮಿದ್ದರೆ ಅವಳಿಗೆ ಬರುವುದಿಲ್ಲ, ಅವಳಿಗೆ ಇಲ್ಲವೆಂದರೆ ಮಗುವಿಗೂ ಇಲ್ಲ. ನಿಮ್ಮ ಪತ್ರ ಓದುವ ಎಚ್‌ಐವಿ ಸೋಂಕಿತ ಹೆಣ್ಣುಮಕ್ಕಳಿಗಾಗಿ ಒಂದು ಮಾತು ಸೇರಿಸುತ್ತೇನೆ. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಹೋಗುವ ಸಾಧ್ಯತೆ ಶೇಕಡಾ 15ರಿಂದ 45. ತಾಯಿ ಗರ್ಭ ನಿಲ್ಲುವ ಮೊದಲಿನಿಂದಲೇ ಮಾತ್ರೆಯಲ್ಲಿದ್ದು ವೈರಸ್ ಕಾಣದಿದ್ದರೆ, ಹೆರಿಗೆಯವರೆಗಿನ ಅಪಾಯ ಶೇಕಡಾ ಒಂದಕ್ಕಿಂತ ಕೆಳಗಿಳಿಯುತ್ತದೆ. ಎದೆಹಾಲಿನ ವಿಷಯದಲ್ಲೂ ಅಪಾಯ ಹಾಗೇ ತಗ್ಗುತ್ತದೆ, ಆದರೆ ಪೂರ್ತಿ ಸೊನ್ನೆ ಎನ್ನಲಾಗದು. ವೈದ್ಯರ ಜೊತೆ ಕೂತು ನಿರ್ಧರಿಸಬೇಕು.

ದಿನದಿನದ ಕೆಲವು ಸಂಗತಿಗಳು ಉಳಿದಿವೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗೆ ನುಂಗುವ ಆಂಟಾಸಿಡ್ ಇವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಅವುಗಳನ್ನು ನುಂಗುವುದಕ್ಕೆ ಎರಡು ಗಂಟೆ ಮೊದಲೋ ಆರು ಗಂಟೆ ಆದ ಮೇಲೋ ಎಚ್‌ಐವಿ ಮಾತ್ರೆ ನುಂಗಲಿ. ಕ್ಯಾಲ್ಸಿಯಂ, ಕಬ್ಬಿಣವನ್ನು ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ನಿದ್ದೆ ಕೆಡುತ್ತಿದ್ದರೆ ರಾತ್ರಿಯ ಬದಲು ಬೆಳಿಗ್ಗೆ ನುಂಗಲಿ. ಕೆಲವರಿಗೆ ತೂಕ ಏರುತ್ತದೆ, ಗಮನವಿರಲಿ. ಟೆನೊಫೋವಿರ್ ಇರುವುದರಿಂದ ಮೂತ್ರಪಿಂಡದ ಪರೀಕ್ಷೆ ಆಗಾಗ ಆಗಬೇಕು. ಮುಂದೊಂದು ದಿನ ವೈರಲ್ ಲೋಡ್ 60, 90 ಎಂದು ಬಂದರೆ ಗಾಬರಿಯಾಗಬೇಡಿ. ಮಾತ್ರೆ ತಪ್ಪದವರಲ್ಲೂ ಒಮ್ಮೊಮ್ಮೆ ಹೀಗೆ ಕಿಡಿ ಹಾರುತ್ತದೆ, ಮುಂದಿನ ಪರೀಕ್ಷೆಯಲ್ಲಿ ಇಳಿದಿರುತ್ತದೆ. ಸಾವಿರ ದಾಟಿದರೆ ಮಾತ್ರೆ ತಪ್ಪಿತೇ ಎಂದು ಮೊದಲು ವಿಚಾರಿಸಿ, ಬಿಡದೆ ನುಂಗಿ, ಸುಮಾರು ಮೂರು ತಿಂಗಳ ಮೇಲೆ ಮತ್ತೆ ನೋಡುತ್ತಾರೆ.

ಒಂದು ದಿನ ಮರೆತರೆ, ನೆನಪಾದ ತಕ್ಷಣ ನುಂಗಲಿ. ಮಾರನೆಯ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಆ ಹೊತ್ತಿಗೆ ಒಂದನ್ನೇ ನುಂಗಲಿ. ಮನೆಯಲ್ಲಿ ಗೊತ್ತಿದ್ದರೆ ನೆನಪಿಸುವವರೂ ಇರುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಬೇರೆ ಇಟ್ಟ ತಟ್ಟೆಯಲ್ಲಿ ಉಣ್ಣುವವನಿಗೆ ‘ಮಾತ್ರೆ ನುಂಗಿದೆಯಾ’ ಎಂಬ ಮಾತೂ ಚುಚ್ಚಿದಂತೆಯೇ ಕೇಳುತ್ತದೆ. ಚಿಕಿತ್ಸಾ ಕೇಂದ್ರಕ್ಕೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಮೊಮ್ಮಗಳ ಪ್ರಶ್ನೆಯನ್ನು ನೀವು ಕೇಳಬೇಡಿ, ಅವರೇ ಕೇಳಲಿ.